ಬ್ಯಾಗ್ ಕಾದಿದ್ದು ಸಾಕು, ಬನ್ನಿ ನೀರಿಗಿಳಿಯೋಣ!

ಸಮುದ್ರ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಅಲೆಗಳಾ? ಸೂರ್ಯಾಸ್ತವಾ? ನಿಜ ಹೇಳಲಾ, ನನಗೆ ನೆನಪಾಗುತ್ತಿದ್ದುದು ಚಪ್ಪಲಿಗಳ ರಾಶಿ! ಮಲ್ಪೆ ಇರಲಿ, ಮುರುಡೇಶ್ವರ ಇರಲಿ, ಮನೆಯವರೆಲ್ಲ ‘ಹೋ’ ಅಂತ ನೀರಿಗೆ ಓಡಿದರೆ ದಡದಲ್ಲಿ ಕೂತು ಚಪ್ಪಲಿ, ಮೊಬೈಲು, ಕನ್ನಡಕ, ಟವೆಲ್ಲು ಕಾಯುವ ಕೆಲಸ ನನ್ನದು. ಮಧ್ಯೆ ಮಧ್ಯೆ ‘ಜಾಸ್ತಿ ಒಳಗೆ ಹೋಗಬೇಡ್ರೋ’ ಅಂತ ಕೂಗುವುದು, ಕೊನೆಗೆ ಪಾದ ನೆನೆಯುವಷ್ಟು ನೀರಲ್ಲಿ ನಿಂತು ಒಂದು ಫೋಟೊ. ಅಲ್ಲಿಗೆ ನನ್ನ ಸಮುದ್ರಸ್ನಾನ ಮುಗೀತು! ನಿಮ್ಮದೂ ಇದೇ ಕಥೆ ಅಲ್ವಾ?

ಮೂವತ್ತೇಳು ವರ್ಷ ಹೀಗೇ ಕಳೆದ ನನಗೆ ಬುದ್ಧಿ ಬಂದದ್ದು ಬಾಲಿಯಲ್ಲಿ. ಕಳೆದ ವರ್ಷ ಮೇ ರಜೆಯಲ್ಲಿ ನಾವು ನಾಲ್ವರು, ಅಂದರೆ ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ಅರವತ್ನಾಲ್ಕರ ಅತ್ತೆ ಮತ್ತು ನಾನು, ಆ ದ್ವೀಪದಲ್ಲಿ ಎಂಟು ದಿನ ಇದ್ದೆವು. ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು ಬೀಚ್ ಸುತ್ತುವುದಾ ಅಂತ ಅಕ್ಕಪಕ್ಕದವರು ಹುಬ್ಬೇರಿಸಿದ್ದರು. ಆದರೆ ಬಾಲಿಯಲ್ಲಿರುವುದು ಒಂದು ಬಗೆಯ ಕಡಲಲ್ಲ ಕಣ್ರೀ. ಒಂದು ಕಡೆ ಅಬ್ಬರಿಸುವ ಅಲೆ, ಇನ್ನೊಂದು ಕಡೆ ಕೆರೆಯಂಥ ನೀರು. ಇಲ್ಲಿ ಹಾಲುಬಿಳುಪು ಮರಳು, ಅಲ್ಲಿ ಎಳ್ಳಿನಂಥ ಕರಿ ಮರಳು. ಮನೆಯಲ್ಲಿ ಒಬ್ಬೊಬ್ಬರ ಸ್ವಭಾವ ಒಂದೊಂದು ಥರ ಇರುತ್ತಲ್ಲ, ಹಾಗೆ. ಯಾವ ದಡ ಯಾರಿಗೆ ಅನ್ನುವುದು ಗೊತ್ತಾದರೆ ನೀವೂ ನೀರಿಗಿಳಿಯಬಹುದು, ನಿಮ್ಮ ಅತ್ತೆಯೂ ಇಳಿಯಬಹುದು. ಗೊತ್ತಿಲ್ಲದೆ ಇಳಿದರೆ ಏನಾಗುತ್ತೆ ಅನ್ನುವುದನ್ನೂ ನಾನು ನೋಡಿಬಿಟ್ಟೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ಬೆಂಕಿಯ ಮರಳು, ಹವಳದ ಮರಳು

ಮೊದಲು ಈ ಬಣ್ಣಗಳ ಗುಟ್ಟು ತಿಳಿಯೋಣ. ಇಂಡೋನೇಷ್ಯಾಕ್ಕೆ ಸೇರಿದ ಬಾಲಿ ಸಮಭಾಜಕ ವೃತ್ತದಿಂದ ಸುಮಾರು 8 ಡಿಗ್ರಿ ದಕ್ಷಿಣಕ್ಕಿದೆ. ದ್ವೀಪದ ಪೂರ್ವಭಾಗದಲ್ಲಿ ಸುಮಾರು 3 ಸಾವಿರ ಮೀಟರ್ ಎತ್ತರದ ಅಗುಂಗ್ ಪರ್ವತ. ಅದರ ಪಕ್ಕದಲ್ಲಿ ಬಾತೂರ್. ಎರಡೂ ಜೀವಂತ ಜ್ವಾಲಾಮುಖಿಗಳು. 1963ರಲ್ಲಿ ಅಗುಂಗ್ ಸಿಡಿದಾಗ ಸಾವಿರಕ್ಕೂ ಹೆಚ್ಚು ಜನ ಸತ್ತರು. 2017ರ ನವೆಂಬರಿನಲ್ಲಿ ಮತ್ತೆ ಬೂದಿ ಉಗುಳಿ ವಿಮಾನ ನಿಲ್ದಾಣವನ್ನೇ ಕೆಲವು ದಿನ ಮುಚ್ಚಿಸಿತ್ತು.

ಈ ಪರ್ವತಗಳು ಉಗುಳಿದ ಲಾವಾ ಆರಿ ಕಪ್ಪು ಕಲ್ಲಾಗುತ್ತೆ. ಮಳೆ, ಹೊಳೆ, ಅಲೆಗಳು ಅದನ್ನು ಒರಳಲ್ಲಿ ರುಬ್ಬಿದ ಹಾಗೆ ರುಬ್ಬಿ ಪುಡಿ ಮಾಡುತ್ತವೆ. ಅದೇ ಕರಿ ಮರಳು. ಉತ್ತರ ಮತ್ತು ಪೂರ್ವದ ದಡಗಳಲ್ಲಿ ಹೆಚ್ಚಾಗಿ ಇದೇ. ಇದರಲ್ಲಿ ಕಬ್ಬಿಣದ ಅಂಶವೂ ಇರುತ್ತೆ. ನನ್ನ ಮಗಳು ಪೆನ್ಸಿಲ್ ಬಾಕ್ಸಿನ ಅಯಸ್ಕಾಂತವನ್ನು ಮರಳಿಗೆ ಹಿಡಿದಾಗ ಅದರ ತುಂಬ ಮೀಸೆ ಬೆಳೆದಿತ್ತು!

ದಕ್ಷಿಣದ ತುದಿಯಲ್ಲಿರುವ ಬುಕಿತ್ ಅನ್ನುವ ಭಾಗದ ಕಥೆಯೇ ಬೇರೆ. ಅದು ಸಮುದ್ರದ ತಳದಿಂದ ಮೇಲೆದ್ದು ಬಂದ ಸುಣ್ಣದ ಕಲ್ಲು. ಅಲ್ಲಿನ ಮರಳು ಹವಳ ಮತ್ತು ಚಿಪ್ಪಿನ ಪುಡಿ. ಅದಕ್ಕೇ ಬಿಳುಪು. ನಮ್ಮ ಕಾರವಾರದ ಹತ್ತಿರ ತಿಳ್ಮಾತಿ ಅಂತ ಕರಿ ಮರಳಿನ ದಡ ಇದೆಯಲ್ಲ, ಅಲ್ಲಿ ಹೋದವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಅಂಥ ಎಳ್ಳು ಮಣ್ಣಿನ ದಡಗಳು ಬಾಲಿಯಲ್ಲಿ ಕಿಲೋಮೀಟರ್‌ಗಟ್ಟಲೆ!

ಆ ಮೂರನೆಯ ಅಲೆ

ನಾವು ಮೊದಲು ಇಳಿದುಕೊಂಡದ್ದು ಪಶ್ಚಿಮದ ಸೆಮಿನ್ಯಾಕ್‌ನಲ್ಲಿ. ಕೂತಾ, ಲೆಗಿಯಾನ್, ಸೆಮಿನ್ಯಾಕ್ ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ದಡ. ಕೂತಾದಲ್ಲಿ ಹೊಂಬಣ್ಣದ ಮರಳು. ಉತ್ತರಕ್ಕೆ ನಡೆಯುತ್ತಾ ಹೋದ ಹಾಗೆ ಬೂದು ಬಣ್ಣಕ್ಕೆ ತಿರುಗುತ್ತೆ. ಚಂಗೂ ಹೊತ್ತಿಗೆ ಪೂರ್ತಿ ಗಾಢ. ಅಲೆಗಳ ಮೇಲೆ ಹಲಗೆ ಹಾಕಿಕೊಂಡು ಜಾರುವವರಿಗೆ ಇದು ಸ್ವರ್ಗ. ನಮಗೆ?

ಮೊದಲ ಸಂಜೆ. ಕೆಂಪು ಹಳದಿ ಬಾವುಟಗಳ ನಡುವೆ ತುಂಬಾ ಜನ. ‘ಇಲ್ಲಿ ಜಾತ್ರೆ ಇದ್ದ ಹಾಗಿದೆ, ಅತ್ತ ಹೋಗೋಣ ನಡಿ’ ಅಂದರು ನಮ್ಮವರು. ನೂರು ಹೆಜ್ಜೆ ಆಚೆ ಜನ ಇಲ್ಲ. ನೀರೂ ಶಾಂತವಾಗಿ ಕಂಡಿತು. ಎರಡು ಪಕ್ಕದಲ್ಲಿ ಅಲೆ ಒಡೆಯುತ್ತಿದ್ದರೆ ಮಧ್ಯೆ ಮಾತ್ರ ನೊರೆ ಇಲ್ಲದ ಸಮತಟ್ಟು ನೀರು. ಮಕ್ಕಳಿಗೆ ಇದೇ ಸರಿ ಅನಿಸಿತು. ಅಪ್ಪ ಮಗಳು ಮೊಣಕಾಲುದ್ದ ನೀರಲ್ಲಿ ನಿಂತರು. ನಾನು ಎಂದಿನಂತೆ ಎರಡು ಬ್ಯಾಗ್ ಹಿಡಿದುಕೊಂಡು ದಡದಲ್ಲಿ.

ಒಂದು ಅಲೆ ಬಂತು, ನಕ್ಕರು. ಇನ್ನೊಂದು ಬಂತು, ಕಿರುಚಿದರು. ನಮ್ಮವರು ಸೂರ್ಯಾಸ್ತದ ಫೋಟೊಗೆ ಅಂತ ಒಂದು ಗಳಿಗೆ ಮಗಳ ಕೈ ಬಿಟ್ಟರು. ಮೂರನೆಯ ಅಲೆ ಅವಳನ್ನು ಬೀಳಿಸಿತು. ಬಿದ್ದವಳು ಏಳುವ ಮೊದಲೇ ಹಿಂದಕ್ಕೆ ಹೋಗುವ ನೀರು ಅವಳನ್ನು ಎಳೆಯಿತು. ನೋಡನೋಡುತ್ತಿದ್ದಂತೆ ಅವಳ ಹಳದಿ ಟೋಪಿ ನಮ್ಮವರ ಕೈಗೂ ಸಿಗದಷ್ಟು ದೂರ. ಎಲ್ಲಿಂದಲೋ ಸೀಟಿಯ ಸದ್ದು. ಕಾವಲಿನ ಹುಡುಗನೊಬ್ಬ ಹಲಗೆ ಹಿಡಿದು ನನ್ನ ಪಕ್ಕದಿಂದಲೇ ಓಡಿದ. ಒಂದೇ ನಿಮಿಷ ಇರಬಹುದು. ಅವಳನ್ನು ಹಲಗೆಯ ಮೇಲೆ ಮಲಗಿಸಿಕೊಂಡು ಬಂದ. ಕೆಮ್ಮಿದಳು, ವಾಂತಿ ಮಾಡಿಕೊಂಡಳು, ಆಮೇಲೆ ಅತ್ತಳು. ಅವಳು ಅತ್ತಾಗಲೇ ನನಗೆ ಉಸಿರು ಬಂದದ್ದು.

ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಅಲೆಯಲ್ಲ, ನನ್ನದೇ ಕೈಗಳು. ಮಗಳು ಕೊಚ್ಚಿ ಹೋಗುತ್ತಿದ್ದರೆ ನಾನು ಎರಡು ಬ್ಯಾಗುಗಳನ್ನು ಬಿಡದೆ ಹಿಡಿದುಕೊಂಡೇ ಕೂಗುತ್ತಿದ್ದೆ! ಕಾಲು ಒಂದಿಂಚೂ ಮುಂದೆ ಹೋಗಲಿಲ್ಲ. ಹೋಗಿದ್ದರೂ ಏನು ಮಾಡುತ್ತಿದ್ದೆ ಹೇಳಿ? ನೀರಿನ ಗುಣ ನನಗೆ ಗೊತ್ತೇ ಇರಲಿಲ್ಲ. ದಡದಲ್ಲಿ ಕೂತು ಹುಷಾರು ಹುಷಾರು ಅಂತ ಕೂಗುವುದನ್ನೇ ಜವಾಬ್ದಾರಿ ಅಂದುಕೊಂಡಿದ್ದೆ.

ಶಾಂತ ನೀರಿನ ಮೋಸ

ಆ ಹುಡುಗ ಬೈಯಲಿಲ್ಲ. ಮರಳಿನ ಮೇಲೆ ಬೆರಳಲ್ಲಿ ಗೆರೆ ಎಳೆದು, ಅರ್ಧಂಬರ್ಧ ಇಂಗ್ಲಿಷಿನಲ್ಲಿ ನಮಗೆ ಪಾಠ ಮಾಡಿದ. ನೀವೂ ಕೇಳಿಸಿಕೊಳ್ಳಿ, ಇದು ಬಾಲಿಗೆ ಮಾತ್ರವಲ್ಲ, ನಮ್ಮ ಕರಾವಳಿಗೂ ಬೇಕಾದ ಪಾಠ.

ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಲೇಬೇಕಲ್ಲ? ಅದು ಎಲ್ಲ ಕಡೆಯಿಂದ ಸೇರಿಕೊಂಡು ಕಿರಿದಾದ ಒಂದು ಓಣಿ ಮಾಡಿಕೊಂಡು ಜೋರಾಗಿ ಹಿಂದಕ್ಕೆ ಹರಿಯುತ್ತೆ. ಅದೇ ಸೆಳೆತ. ಆ ಓಣಿಯಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಇರುವುದಿಲ್ಲ, ನೀರು ಸ್ವಲ್ಪ ಗಾಢವಾಗಿ ಕಾಣುತ್ತೆ. ನಾವು ‘ಮಕ್ಕಳಿಗೆ ಸರಿ’ ಅಂದುಕೊಂಡ ಜಾಗ ಅದೇ ಆಗಿತ್ತು!

ನೀರಿಗಿಳಿಯುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ. ಕಾವಲಿನವರು ನೆಟ್ಟ ಕೆಂಪು ಹಳದಿ ಬಾವುಟಗಳ ನಡುವೆಯೇ ಇಳಿಯಿರಿ. ಬರೀ ಕೆಂಪು ಬಾವುಟ ಇದ್ದರೆ ಪಾದವನ್ನೂ ಇಡಬೇಡಿ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೇ ಈಜಲು ಒದ್ದಾಡಬೇಡಿ, ಸುಸ್ತಾಗುವುದೇ ಪ್ರಾಣಕ್ಕೆ ಅಪಾಯ. ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಓಣಿ ಕಿರಿದು, ಆಚೆ ಬಂದರೆ ಅಲೆಗಳೇ ದಡಕ್ಕೆ ತರುತ್ತವೆ. ಈಜು ಬಾರದವರು ರಕ್ಷಿಸಲು ಹಿಂದೆ ಧುಮುಕಬೇಡಿ. ತೇಲುವಂಥದ್ದು ಏನಾದರೂ ಎಸೆಯಿರಿ, ಕಾವಲಿನವರನ್ನು ಕೂಗಿ. ಇನ್ನೊಂದು ಮಾತು. ಮಕ್ಕಳ ಜೊತೆ ನೀರಲ್ಲಿರುವಾಗ ಮೊಬೈಲ್ ಬೇಡವೇ ಬೇಡ!

ಕುಂತಿಯ ದಡ

ಮರುದಿನ ಯಾರಿಗೂ ನೀರಿನ ಹತ್ತಿರ ಹೋಗುವ ಮನಸ್ಸಿರಲಿಲ್ಲ. ಡ್ರೈವರ್ ಸಮೇತ ಕಾರು ಮಾಡಿಕೊಂಡು ಬುಕಿತ್ ಕಡೆ ಹೊರಟೆವು. ಬರೀ ನೋಡಿಕೊಂಡು ಬರೋಣ ಅಂತ. ಉಲುವಾಟು ದೇವಸ್ಥಾನ ಸಮುದ್ರದಿಂದ ಸುಮಾರು 70 ಮೀಟರ್ ಎತ್ತರದ ಬಂಡೆಯ ಅಂಚಿನಲ್ಲಿದೆ. ಕೆಳಗೆ ಬಿಳಿ ನೊರೆ, ನೀಲಿ ನೀರು. ಸೊಂಟಕ್ಕೆ ಸರೋಂಗ್ ಅನ್ನುವ ಬಟ್ಟೆ ಸುತ್ತಿಕೊಂಡೇ ಹೋಗಬೇಕು. ಮುಟ್ಟಾದವರಿಗೆ ದೇವಸ್ಥಾನಗಳಲ್ಲಿ ಪ್ರವೇಶವಿಲ್ಲ ಅಂತ ಬೋರ್ಡೇ ಇರುತ್ತೆ, ದಿನ ಲೆಕ್ಕ ಹಾಕಿಕೊಂಡು ಪ್ಲಾನ್ ಮಾಡಿ. ಅಲ್ಲಿನ ಕೋತಿಗಳು ಮಹಾ ಕಿಲಾಡಿಗಳು. ಕನ್ನಡಕ, ಮೊಬೈಲು ಕಿತ್ತುಕೊಂಡು, ಹಣ್ಣು ಕೊಟ್ಟರೆ ಮಾತ್ರ ವಾಪಸ್ ಕೊಡುತ್ತವೆ! ಸಂಜೆ ನಡೆಯುವ ಕೆಚಕ್ ನೃತ್ಯದಲ್ಲಿ ಹತ್ತಾರು ಗಂಡಸರು ವೃತ್ತವಾಗಿ ಕೂತು ಬಾಯಲ್ಲೇ ತಾಳ ಹಾಕುತ್ತಾ ರಾಮಾಯಣ ಆಡುತ್ತಾರೆ. ಅತ್ತೆಗೆ ಭಾಷೆ ಬಾರದಿದ್ದರೂ ಕಥೆ ಒಂದೂ ತಪ್ಪಲಿಲ್ಲ.

ಅಲ್ಲಿಂದ ಸ್ವಲ್ಪ ದೂರದಲ್ಲಿ ಪಾಂಡವ ಅನ್ನುವ ಹೆಸರಿನ ಬೀಚ್ ಇದೆ. ಸುಣ್ಣದ ಬೆಟ್ಟವನ್ನು ಗೋಡೆಯಂತೆ ಕಡಿದು ಮಾಡಿದ ದಾರಿ. ಆ ಗೋಡೆಯ ಗೂಡುಗಳಲ್ಲಿ ಕುಂತಿ ಮತ್ತು ಐವರು ಮಕ್ಕಳ ದೊಡ್ಡ ದೊಡ್ಡ ವಿಗ್ರಹಗಳು. ಅತ್ತೆ ಕಾರು ನಿಲ್ಲಿಸಿ ಕುಂತಿಗೆ ಕೈ ಮುಗಿದರು. ‘ಪಾಪ, ಆ ತಾಯೀನೂ ಒಂದು ಮಗೂನ ನೀರಿಗೆ ಬಿಟ್ಟವಳೇ’ ಅಂದರು. ನನ್ನ ಕಣ್ಣು ತುಂಬಿ ಬಂತು. ಯಾಕೆ ಅಂತ ಅವರಿಗೆ ಗೊತ್ತಾಯಿತು. ಏನೂ ಮಾತಾಡದೆ ನನ್ನ ಕೈ ಹಿಡಿದುಕೊಂಡರು.

ಪಾಂಡವದಲ್ಲಿ ದೂರದಲ್ಲೇ ಹವಳದ ದಿಬ್ಬ ಅಲೆಗಳನ್ನು ತಡೆಯುತ್ತೆ. ದಡದ ನೀರು ತಕ್ಕಮಟ್ಟಿಗೆ ತಣ್ಣಗಿರುತ್ತೆ. ಆದರೆ ಬುಕಿತ್‌ನ ಎಲ್ಲ ಬೀಚುಗಳೂ ಹೀಗಲ್ಲ. ಪಾದಂಗ್ ಪಾದಂಗ್, ಬಿಂಗಿನ್‌ನಂಥ ಕಡೆ ಕಡಿದಾದ ಮೆಟ್ಟಿಲು ಇಳಿಯಬೇಕು. ಮಂಡಿನೋವಿನವರಿಗೆ ಹೇಳಿಸಿದ್ದಲ್ಲ.

ಸಾನೂರಿನಲ್ಲಿ ಅತ್ತೆ ನೀರಿಗಿಳಿದರು!

ಮೂರನೆಯ ದಿನ ಊರು ಬದಲಿಸಿ ಪೂರ್ವ ದಡದ ಸಾನೂರಿಗೆ ಬಂದೆವು. ಗೆಳತಿಯರೇ, ಅತ್ತೆ ಮಾವ, ಚಿಕ್ಕ ಮಕ್ಕಳ ಜೊತೆ ಹೋಗುವವರು ಕಣ್ಣು ಮುಚ್ಚಿಕೊಂಡು ಇಲ್ಲೇ ರೂಮು ಮಾಡಿ. ದಡದುದ್ದಕ್ಕೂ ಸುಮಾರು 5 ಕಿಲೋಮೀಟರ್ ನಡೆಯಲು ಸಮತಟ್ಟಾದ ದಾರಿ, ಮರದ ನೆರಳು, ಕೂರಲು ಬೆಂಚು. ದಡದಿಂದ ಕೆಲವು ನೂರು ಮೀಟರ್ ಆಚೆ ಹವಳದ ದಿಬ್ಬ ಇದೆ. ಅಲೆಗಳೆಲ್ಲ ಅಲ್ಲೇ ಒಡೆದು ಬಿಳಿ ಗೆರೆಯಾಗಿ ಕಾಣುತ್ತವೆ. ದಿಬ್ಬದ ಈಚೆ ಮೊಣಕಾಲುದ್ದ, ಸೊಂಟದುದ್ದದ ನಿಂತ ನೀರು. ಇಡೀ ದಡಕ್ಕೆ ಆ ಹವಳವೇ ಕಾಂಪೌಂಡ್ ಗೋಡೆ!

ಒಂದೇ ಎಚ್ಚರಿಕೆ. ಇಳಿತದ ಹೊತ್ತಿಗೆ ನೀರು ಬಹಳ ದೂರ ಹಿಂದೆ ಹೋಗಿ ಬರೀ ಕಲ್ಲು, ಪಾಚಿ ಉಳಿಯುತ್ತೆ. ಉಬ್ಬರದ ಸಮಯ ಯಾವಾಗ ಅಂತ ಹೋಟೆಲಿನಲ್ಲಿ ಕೇಳಿಕೊಂಡು ಹೋಗಿ.

ಬೆಳಗ್ಗೆ ಆರು ಗಂಟೆ. ಸಮುದ್ರದಿಂದ ಸೂರ್ಯ ಎದ್ದ. ಆಚೆ ದೂರದಲ್ಲಿ ಅಗುಂಗ್ ಪರ್ವತದ ನೆರಳು. ಪಕ್ಕದಲ್ಲಿ ಬಾಲಿಯ ಹೆಂಗಸೊಬ್ಬಳು ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟು ಸಮುದ್ರಕ್ಕೆ ಕೈ ಮುಗಿಯುತ್ತಿದ್ದಳು. ಅದಕ್ಕೆ ಚಾನಂಗ್ ಸಾರಿ ಅನ್ನುತ್ತಾರೆ. ಅಲ್ಲಿ ಬಹುಪಾಲು ಹೆಂಗಸರೇ ದಿನಾ ಕಟ್ಟಿ ಇಡುವ ಪೂಜೆ ಅದು. ನಾವು ಹೊಸಿಲಿಗೆ ರಂಗೋಲಿ ಹಾಕುವ ಹಾಗೆ. ದಾರಿಯಲ್ಲಿ, ಮರಳಲ್ಲಿ ಎಲ್ಲ ಕಡೆ ಇರುತ್ತೆ, ದಾಟಬೇಡಿ, ಬಳಸಿಕೊಂಡು ಹೋಗಿ. ಬಾಲಿ ಭಾಷೆಯಲ್ಲಿ ಸಮುದ್ರಕ್ಕೆ ‘ಸೆಗರ’ ಅನ್ನುತ್ತಾರೆ ಅಂತ ಕೇಳಿ ಅತ್ತೆಗೆ ಖುಷಿಯೋ ಖುಷಿ. ನಮ್ಮ ಸಾಗರವೇ ಅಲ್ವಾ?

ಆ ಹೆಂಗಸನ್ನು ನೋಡಿ ಏನನಿಸಿತೋ, ಅತ್ತೆ ‘ನಾನೂ ಒಂದು ಮುಳುಗು ಹಾಕಲಾ?’ ಅಂದರು. ನನಗೆ ಎದೆ ಧಸಕ್ಕೆಂದಿತು. ಆದರೂ ರೂಮಿಗೆ ಓಡಿ ನನ್ನ ಉದ್ದ ತೋಳಿನ ಟಾಪು, ಲೆಗ್ಗಿಂಗ್ಸ್ ತಂದುಕೊಟ್ಟೆ. ಸೀರೆ ಬಿಟ್ಟು ಬೇರೇನೂ ಉಡದ ಅತ್ತೆ ಆ ವೇಷದಲ್ಲಿ ನಾಚಿಕೊಂಡು ಬಂದರೆ, ಮಗಳು ‘ಅಜ್ಜಿ ಸೂಪರ್!’ ಅಂತ ಚಪ್ಪಾಳೆ ತಟ್ಟಿದಳು. ಬ್ಯಾಗುಗಳನ್ನು ನಮ್ಮವರ ತೊಡೆಯ ಮೇಲಿಟ್ಟು ‘ಇವತ್ತು ನೀವು ಕಾಯ್ರಿ’ ಅಂದೆ. ಅತ್ತೆಯ ಒಂದು ಕೈ ನಾನು, ಇನ್ನೊಂದು ಕೈ ಮಗಳು. ಹೆಜ್ಜೆ ಹೆಜ್ಜೆಗೂ ನಿಂತು, ಪಾದ, ಮೊಣಕಾಲು, ಸೊಂಟ... ಅಲ್ಲಿಗೆ ಅತ್ತೆ ಗಂಗೇಚ ಯಮುನೇ ಅಂತ ಮೂರು ಸಲ ಮುಳುಗಿ ಎದ್ದರು. ಎದ್ದವರು ಹೊರಗೆ ಬರಲು ಒಪ್ಪಲಿಲ್ಲ! ‘ನೀರಲ್ಲಿ ಮಂಡಿ ನೋವೇ ಇಲ್ಲ ಕಣೇ’ ಅಂತ ಮುಕ್ಕಾಲು ಗಂಟೆ ಅಲ್ಲೇ ಕೂತಿದ್ದರು. ನೀರು ದೇಹದ ಭಾರ ಹೊರುತ್ತಲ್ಲ, ಅದಕ್ಕೇ ಮಂಡಿಗೆ ಹಗುರ ಅನಿಸುವುದು.

ಹಿಂದಿನ ಎರಡು ದಿನ ಹೋಟೆಲಿನ ಬಕೆಟ್ ನೀರನ್ನೂ ಅನುಮಾನದಿಂದ ನೋಡುತ್ತಿದ್ದ ಮಗಳು, ಅಜ್ಜಿಗೆ ಧೈರ್ಯ ಹೇಳುತ್ತಾ ಹೇಳುತ್ತಾ ತನ್ನ ಭಯ ಮರೆತಿದ್ದಳು.

ಉಪ್ಪಿನ ದಡ, ಕಳೆದುಹೋದ ದಡ

ಸಾನೂರಿನಿಂದ ಪೂರ್ವಕ್ಕೆ ಹೋದರೆ ಕುಸಾಂಬಾ ಅನ್ನುವ ಹಳ್ಳಿ. ಇಲ್ಲಿಂದ ಕರಿ ಮರಳಿನ ರಾಜ್ಯ. ಇಲ್ಲಿನವರು ಮರಳಿನ ಸಹಾಯದಿಂದಲೇ ಉಪ್ಪು ತೆಗೆಯುತ್ತಾರೆ. ಹೆಗಲ ಮೇಲೆ ಸಮುದ್ರದ ನೀರು ಹೊತ್ತು ತಂದು, ಸಮ ಮಾಡಿದ ಮರಳಿನ ಮೇಲೆ ಚಿಮುಕಿಸುತ್ತಾರೆ. ಬಿಸಿಲಿಗೆ ಒಣಗಿದ ಮೇಲೆ ಮೇಲಿನ ಮರಳು ಕೆರೆದು ತೊಟ್ಟಿಗೆ ಹಾಕಿ, ಮತ್ತೆ ಸಮುದ್ರದ ನೀರು ಸುರಿದು ಸೋಸುತ್ತಾರೆ. ಥೇಟ್ ನಮ್ಮ ಕಾಫಿ ಫಿಲ್ಟರ್! ಕೆಳಗೆ ಇಳಿದ ಗಟ್ಟಿ ಉಪ್ಪುನೀರನ್ನು ಸೀಳಿದ ತೆಂಗಿನ ಕಾಂಡದ ದೋಣಿಗಳಲ್ಲಿ ಒಣಗಿಸಿದರೆ ಬಿಳಿ ಉಪ್ಪು. ಈ ಕೆಲಸ ಮಾಡುವ ಮನೆಗಳು ಈಗ ಕೆಲವೇ. ಒಂದು ಪೊಟ್ಟಣ ಕೊಂಡು ತಂದೆ, ಮಾವಿನಕಾಯಿಗೆ ಹಚ್ಚಿ ತಿಂದರೆ ಆಹಾ! ಇಲ್ಲಿ ಅಲೆ ಜೋರು, ಸ್ನಾನ ಬೇಡ. ಮಧ್ಯಾಹ್ನ ಕರಿ ಮರಳು ಕಾದ ಹೆಂಚಿನ ಹಾಗೆ, ಚಪ್ಪಲಿ ಬಿಡಬೇಡಿ.

ಇನ್ನೂ ಮುಂದೆ ಚಂಡಿದಾಸ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ. 1970–80ರ ದಶಕಗಳಲ್ಲಿ ಹೋಟೆಲುಗಳ ಕಟ್ಟಡಕ್ಕೆ ಸುಣ್ಣ ಬೇಕು ಅಂತ ಸಮುದ್ರದ ಹವಳವನ್ನೇ ಅಗೆದು ಸುಟ್ಟರು. ಅಲೆಗೆ ಅಡ್ಡ ಇದ್ದ ಗೋಡೆ ಹೋಯಿತು. ಅಲೆಗಳು ನೇರ ದಡಕ್ಕೆ ಬಡಿದು ಮರಳನ್ನೇ ಎತ್ತಿಕೊಂಡು ಹೋದವು. ಬೀಚ್ ನೋಡಲು ಬರುವವರಿಗಾಗಿ ಹೋಟೆಲು ಕಟ್ಟಿದರು, ಆ ಹೋಟೆಲಿಗಾಗಿಯೇ ಬೀಚ್ ಹೋಯಿತು! ಆಮೇಲೆ ಕಾಂಕ್ರೀಟಿನ ಅಡ್ಡಗೋಡೆಗಳನ್ನು ಹಾಕಿದರು. ಸಾನೂರಿನಲ್ಲಿ ಅತ್ತೆಯನ್ನು ಕಾಪಾಡಿದ ಹವಳದ ಬೆಲೆ ನನಗೆ ಇಲ್ಲಿ ಅರ್ಥವಾಯಿತು. ನೀರಲ್ಲಿ ಹವಳದ ಮೇಲೆ ನಿಲ್ಲಬೇಡಿ, ಮುರಿದು ತರಬೇಡಿ ಅಂತ ಹೇಳುವುದು ಇದಕ್ಕೇ.

ತಲೆಯ ಮೇಲೆ ಸಿಲಿಂಡರ್!

ಈಶಾನ್ಯದ ತುಲಾಂಬೆನ್‌ನಲ್ಲಿ ಮರಳೇ ಇಲ್ಲ ಅನ್ನಬೇಕು. ದಡದ ತುಂಬ ನುಣುಪಾದ ಕರಿ ಉರುಟು ಕಲ್ಲು. ಅಲೆ ಹಿಂದೆ ಸರಿದಾಗ ಕಲ್ಲುಗಳು ಉರುಳುವ ಸದ್ದು ಕೇಳಲು ಚೆಂದ. ನಡೆಯಲು ಕಷ್ಟ. ದಡದ ಹತ್ತಿರದಲ್ಲೇ ನೀರಿನೊಳಗೆ ಲಿಬರ್ಟಿ ಅನ್ನುವ ಅಮೆರಿಕದ ಹಡಗು ಮಲಗಿದೆ. 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟಿಗೆ ಸಿಕ್ಕು, ಎಳೆದು ತಂದು ಈ ದಡಕ್ಕೆ ಹತ್ತಿಸಿದ್ದ ಹಡಗು. ಇಪ್ಪತ್ತೊಂದು ವರ್ಷ ದಡದಲ್ಲೇ ಇತ್ತು. 1963ರಲ್ಲಿ ಅಗುಂಗ್ ಸಿಡಿದಾಗ ನಡುಗಿದ ನೆಲ ಅದನ್ನು ನೀರಿಗೆ ದೂಡಿತು. ಈಗ ಅದರ ಮೈತುಂಬ ಹವಳ, ಮೀನು.

ಅದನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಈಜುಗಾರರು ಬರುತ್ತಾರೆ. ಅವರ ಗಾಳಿಯ ಸಿಲಿಂಡರುಗಳನ್ನು ಹೊರುವವರು ಯಾರು ಗೊತ್ತಾ? ಹೆಂಗಸರು! ಸಿಂಬಿ ಇಟ್ಟುಕೊಂಡು, ತಲೆಯ ಮೇಲೆ ಸಿಲಿಂಡರ್ ಹೊತ್ತು, ಆ ಜಾರುವ ಕಲ್ಲುಗಳ ಮೇಲೆ ಚಪ್ಪಲಿಯಲ್ಲಿ ನಡೆಯುತ್ತಾರೆ. ಕೆಲವರು ಒಟ್ಟಿಗೆ ಎರಡು. ನನ್ನ ವಯಸ್ಸಿನವಳೊಬ್ಬಳಿಗೆ ಡ್ರೈವರ್ ಮೂಲಕ ಕೇಳಿಸಿದೆ, ‘ನೀವು ಆ ಹಡಗು ನೋಡಿದ್ದೀರಾ?’ ನಕ್ಕು ತಲೆ ಅಲ್ಲಾಡಿಸಿದಳು. ಇಲ್ಲವಂತೆ. ದಿನಾ ಅದೇ ದಡ, ಅದೇ ಸಿಲಿಂಡರು, ನೀರೊಳಗೆ ಮಾತ್ರ ಇಳಿದಿಲ್ಲ. ಮತ್ತೆ ನನ್ನ ಎರಡು ಬ್ಯಾಗುಗಳು ನೆನಪಾದವು. ಅವಳದು ಹೊಟ್ಟೆಪಾಡು. ನನಗೆ ಏನು ನೆಪ?

ಅಲ್ಲಿಂದ ಹತ್ತಿರವೇ ಅಮೆದ್. ಕರಿ ಮರಳಿನ ದಡದಲ್ಲಿ ಸಾಲಾಗಿ ನಿಂತ ಜುಕುಂಗ್ ದೋಣಿಗಳು. ಎರಡೂ ಪಕ್ಕಕ್ಕೆ ಬಿದಿರಿನ ಕೈ ಚಾಚಿಕೊಂಡು, ಮುಂದೆ ಕಣ್ಣು ಬರೆಸಿಕೊಂಡು, ದೊಡ್ಡ ಮಿಡತೆಗಳ ಹಾಗೆ. ಬೆಳಗಿನ ಹೊತ್ತು ನೀರು ಇಲ್ಲಿ ಕನ್ನಡಿ. ಲೈಫ್ ಜಾಕೆಟ್ ಹಾಕಿಕೊಂಡೆ. ಮಾಂಗಲ್ಯದ ಸರವನ್ನು ಟಾಪಿನ ಒಳಗೆ ಪಿನ್ ಮಾಡಿಕೊಂಡೆ. ಉಸಿರಾಡುವ ಕೊಳವೆ, ಕಣ್ಣಿಗೆ ಗಾಜು. ಮೊದಲು ನಿಂತಲ್ಲೇ ಮುಖ ಮುಳುಗಿಸಿ ಬಾಯಲ್ಲಿ ಉಸಿರಾಡುವುದನ್ನು ಕಲಿತೆ. ನಾಲ್ಕು ಸಲ ಉಪ್ಪುನೀರು ಕುಡಿದೆ. ಐದನೆಯ ಸಲ ಕಾಲು ನೆಲ ಬಿಟ್ಟಿತು.

ಹೇಗೆ ಹೇಳಲಿ? ಮೇಲೆ ಎಲ್ಲ ಕಪ್ಪು. ಮುಖ ಮುಳುಗಿಸಿದರೆ ಕೆಳಗೆ ರೇಷ್ಮೆ ಸೀರೆಯಂಗಡಿಯಲ್ಲಿ ಎಲ್ಲ ಸೀರೆ ಬಿಡಿಸಿ ಹಾಕಿದ ಹಾಗೆ! ಅರಿಶಿನ ಹಳದಿ, ನವಿಲು ನೀಲಿ, ಕರಿ ಬಿಳಿ ಪಟ್ಟೆಯ ಮೀನುಗಳು. ಮನೆಯಲ್ಲಿ ಸದಾ ಯಾರಾದರೂ ಕರೆಯುತ್ತಲೇ ಇರುತ್ತಾರಲ್ಲ? ಅಲ್ಲಿ ನನ್ನ ಉಸಿರಿನ ಸದ್ದು ಬಿಟ್ಟು ಏನೂ ಇಲ್ಲ. ತಲೆ ಎತ್ತಿದಾಗ ದಡದಲ್ಲಿ ಅತ್ತೆ ನಾಲ್ಕು ಜೊತೆ ಚಪ್ಪಲಿ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ‘ನೀನು ಇನ್ನೂ ಸ್ವಲ್ಪ ಹೊತ್ತು ಇರು, ನಾನಿದೀನಿ’ ಅಂತ ಕೈ ಬೀಸಿದರು.

ಹೊರಡುವ ಮುನ್ನ ಇವು ನೆನಪಿರಲಿ

* ಏಪ್ರಿಲ್‌ನಿಂದ ಅಕ್ಟೋಬರ್ ಒಣ ಹವೆ, ಹೋಗಲು ಒಳ್ಳೆಯ ಕಾಲ. ನವೆಂಬರ್‌ನಿಂದ ಮಾರ್ಚ್ ಮಳೆ. ಆಗ ಪಶ್ಚಿಮದ ಗಾಳಿಗೆ ಕೂತಾ, ಜಿಂಬಾರನ್ ದಡಗಳಿಗೆ ಪ್ಲಾಸ್ಟಿಕ್ ಕಸವೂ ತೇಲಿ ಬರುತ್ತೆ.

* ಬಾಲಿಯವರಿಗೂ ನಮ್ಮಂತೆ ಶಕವರ್ಷದ ಲೆಕ್ಕ. ಅವರ ಹೊಸ ವರ್ಷ ‘ನ್ಯೆಪಿ’ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುವುದುಂಟು. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಬಂದಿದ್ದವು. ಆದರೆ ಅಲ್ಲಿ ಹಬ್ಬ ಅಂದರೆ ಮೌನ. 24 ಗಂಟೆ ವಿಮಾನ ನಿಲ್ದಾಣವೂ ಬಂದ್, ಪ್ರವಾಸಿಗರೂ ಹೋಟೆಲಿನಿಂದ ಹೊರಗೆ ಬರುವಂತಿಲ್ಲ. ಅದಕ್ಕೆ ಕೆಲವು ದಿನ ಮುಂಚೆ ದೇವರುಗಳನ್ನು ಸಮುದ್ರಕ್ಕೆ ಕರೆತರುವ ಮೆಲಾಸ್ತಿ ಮೆರವಣಿಗೆ ಮಾತ್ರ ನೋಡುವಂಥದ್ದು.

* 2024ರ ಫೆಬ್ರವರಿ 14ರಿಂದ ವಿದೇಶಿ ಪ್ರವಾಸಿಗರಿಗೆ 1.5 ಲಕ್ಷ ರುಪಿಯಾ ಶುಲ್ಕ ಇದೆ. ಹೆದರಬೇಡಿ, ನಮ್ಮ ಲೆಕ್ಕದಲ್ಲಿ ಸುಮಾರು 800 ರೂಪಾಯಿ! ವೀಸಾ ನಿಯಮವನ್ನು ಹೊರಡುವ ಮುಂಚೆ ನೋಡಿಕೊಳ್ಳಿ. ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿ.

* ನೀರಿಗೆ ಕಾಟನ್ ಚೂಡಿದಾರ್, ದುಪಟ್ಟಾ ಬೇಡ. ನೆನೆದರೆ ಭಾರ, ಕಾಲಿಗೆ ಸುತ್ತಿಕೊಳ್ಳುತ್ತೆ. ಬೇಗ ಒಣಗುವ ನೈಲಾನ್ ಬಟ್ಟೆಯ ಉದ್ದ ತೋಳಿನ ಟಾಪು, ಲೆಗ್ಗಿಂಗ್ಸ್ ಸಾಕು. ಮೈ ಮುಚ್ಚುತ್ತೆ, ಬಿಸಿಲಿಗೂ ರಕ್ಷಣೆ. ಒಡವೆ ಹೋಟೆಲಿನ ಲಾಕರಿನಲ್ಲಿರಲಿ.

* ಕಲ್ಲಿನ ದಡಗಳಿಗೆ ರಬ್ಬರ್ ಶೂ ಬೇಕೇ ಬೇಕು. ಹವಳ ಬ್ಲೇಡಿನಂತೆ ಕೊಯ್ಯುತ್ತೆ.

* ಸಸ್ಯಾಹಾರಿಗಳಿಗೆ ಗಾದೋ ಗಾದೋ ಅನ್ನುವ ತರಕಾರಿ ಮತ್ತು ಕಡಲೆಬೀಜದ ಚಟ್ನಿ, ತೋಫು, ತೆಂಪೆ ಸಿಗುತ್ತೆ. ಆದರೆ ಅಲ್ಲಿನ ಸಾಂಬಾಲ್ ಚಟ್ನಿಯಲ್ಲಿ ಸಿಗಡಿ ಹಾಕಿದ ‘ತೆರಾಸಿ’ ಇರಬಹುದು. ‘ತನ್ಪಾ ತೆರಾಸಿ, ತನ್ಪಾ ಇಕಾನ್’ ಅಂತ ಹೇಳಿ. ಸಿಗಡಿ ಬೇಡ, ಮೀನು ಬೇಡ ಅಂತ ಅರ್ಥ. ಚಟ್ನಿಪುಡಿ, ಅವಲಕ್ಕಿ ಜೊತೆಗಿದ್ದರೆ ಅತ್ತೆಯೂ ಖುಷಿ.

* ದಡದಲ್ಲಿರುವಾಗ ಜೋರಾಗಿ ಭೂಮಿ ನಡುಗಿದರೆ ಸಾಮಾನು ಬಿಟ್ಟು ಎತ್ತರದ ಜಾಗಕ್ಕೆ ಓಡಿ. ಸುನಾಮಿಯ ದಾರಿ ತೋರಿಸುವ ಫಲಕಗಳನ್ನು ಮೊದಲೇ ಗಮನಿಸಿ.

ಕೊನೆಗೊಂದು ಮಾತು

ಊರಿಗೆ ಬಂದ ವಾರವೇ ನಾನು ನಮ್ಮ ಬಡಾವಣೆಯ ಹತ್ತಿರದ ಈಜುಕೊಳದ ಲೇಡೀಸ್ ಬ್ಯಾಚಿಗೆ ಸೇರಿದೆ. ಮಗಳು ಮಕ್ಕಳ ಬ್ಯಾಚಿಗೆ. ಅವಳು ಮೀನಿನ ಹಾಗೆ ಕಲಿತಳು. ನಾನು ಎಮ್ಮೆ ಹಾಗೆ, ನಿಧಾನಕ್ಕೆ. ಈಗ ಅರ್ಧ ಕೊಳ ನಿಲ್ಲದೆ ಈಜುತ್ತೇನೆ. ಅಷ್ಟರಿಂದ ಸಮುದ್ರವನ್ನು ಗೆಲ್ಲಲು ಆಗುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಆದರೆ ಇನ್ನೊಂದು ಸಲ ಅಂಥ ಗಳಿಗೆ ಬಂದರೆ ನನ್ನ ಕೈ ಬ್ಯಾಗನ್ನು ಬಿಡುತ್ತೆ, ಕಾಲು ಅಲ್ಲಾಡುತ್ತೆ, ಬಾಯಿಗೆ ಸರಿಯಾದ ಮಾತು ಬರುತ್ತೆ. ಅಷ್ಟು ನಂಬಿಕೆ ಬಂದಿದೆ.

ಬಾಲಿಗೇ ಹೋಗಬೇಕು ಅಂತೇನಿಲ್ಲ. ಮುಂದಿನ ಸಲ ನೀವು ಯಾವುದೇ ದಡಕ್ಕೆ ಹೋದರೂ ಹತ್ತು ನಿಮಿಷ ನಿಂತು ಅದರ ಸ್ವಭಾವ ನೋಡಿ. ಸೌಮ್ಯ ಅಂತ ಖಾತ್ರಿಯಾದರೆ ಸೆರಗು ಸಿಕ್ಕಿಸಿಕೊಂಡು ದಡದಲ್ಲೇ ನಿಲ್ಲಬೇಡಿ, ಬಟ್ಟೆ ಬದಲಿಸಿ ಇಳಿದುಬಿಡಿ! ಚಪ್ಪಲಿ ಯಾರು ಕಾಯೋದು ಅಂತೀರಾ? ಸರದಿಯ ಮೇಲೆ ಕಾಯಲಿ ಬಿಡಿ. ನಮ್ಮ ಮನೆಯಲ್ಲಿ ಈಗ ಅದೇ ಕಾನೂನು. ಮೊದಲ ಸರದಿ ಯಜಮಾನರದ್ದು!